ಹೆಬ್ಬಾವಿಗೆ ಮಂಗಳಾರತಿ

ಸಿಡ್ನಿಯ ಸಮಸ್ತ ಕನ್ನಡಿಗರಲ್ಲಿ ಹೆಬ್ಬಾವನ್ನು ಬರಿಗೈಯಲ್ಲಿ ಎತ್ತಿ ಆಡಿಸಬಲ್ಲ ಏಕೈಕ ಗಂಡಸು ನಾನೇ ಆಗಬೇಕು ಎಂದು ಈ ವರ್ಷದ ಫೆಬ್ರವರಿಯಲ್ಲಿ ತೀರ್ಮಾನ ಮಾಡಿದೆ. ಆಗ ನನಗಿದ್ದ ಅರ್ಹತೆಗಳು ಇಷ್ಟು: ವಯಸ್ಸು ಐವತ್ತೆರಡು, ಪ್ಯಾರಮಟ್ಟಾದ ಆಫೀಸೊಂದರಲ್ಲಿ ಪ್ರೊಡಕ್ಷನ್ ಸಪೋರ್ಟ್ ಕೆಲಸ, ಮತ್ತು ಹಲ್ಲಿ ಕಂಡರೆ ಕುರ್ಚಿ ಹತ್ತುವ ಬಾಲ್ಯದ ಅಭ್ಯಾಸ. ಇನ್ನೇನು ಬೇಕು!

ಹಾವು ನನ್ನದಲ್ಲ, ಮಗಳು ಪ್ರಣತಿಯದು. ಕಾರ್ಪೆಟ್ ಪೈಥಾನ್ ಎಂಬ ಜಾತಿ. ಇಲ್ಲಿ ಲೈಸೆನ್ಸ್ ತೆಗೆದುಕೊಂಡು ಇಂಥವನ್ನು ಮನೆಯಲ್ಲಿ ಸಾಕುತ್ತಾರೆ. ವಿಷವಿಲ್ಲ, ಆದರೆ ಬಾಯಿ ತುಂಬ ಒಳಮುಖವಾಗಿ ಬಾಗಿದ ಸೂಜಿಹಲ್ಲು. ಉದ್ದ ನನಗಿಂತ ಒಂದು ಗೇಣು ಜಾಸ್ತಿ. ಹೆಸರು ಪೆಪ್ಪರ್. ಮಗಳು ಮೆಲ್ಬರ್ನ್‌ಗೆ ಓದಲು ಹೋಗಿ ಪಾಯಿಂಟ್ ಕುಕ್‌ನಲ್ಲಿ ಒಂದು ರೂಮು ಹಿಡಿದಳು. ಆ ಮನೆಯ ಓನರ್ ಬೆಕ್ಕಿಗೇ ಒಪ್ಪದ ಮನುಷ್ಯ, ಹಾವಿಗೆ ಒಪ್ಪುತ್ತಾನೆಯೆ? ಹಾಗಾಗಿ ಪೆಪ್ಪರ್ ಸಿಡ್ನಿಯ ಸ್ಕೋಫೀಲ್ಡ್ಸ್ ಬಡಾವಣೆಯ ನಮ್ಮ ಮನೆಯಲ್ಲೇ, ಮಗಳ ರೂಮಿನ ಗಾಜಿನ ಪೆಟ್ಟಿಗೆಯಲ್ಲೇ ಉಳಿಯಿತು. ನನ್ನ ಹೆಂಡತಿ ಭಾಗೀರಥಿ ಬಾಗಿಲಲ್ಲೇ ನಿಂತು ತನ್ನ ನಿಲುವನ್ನು ಸ್ಪಷ್ಟಪಡಿಸಿದಳು: "ನಾಗಪ್ಪ ಅಂತ ದಿನಾ ಕೈ ಮುಗೀತೀನಿ. ಮುಟ್ಟು ಅಂತ ಮಾತ್ರ ಹೇಳ್ಬೇಡಿ." ಉಳಿದವನು ನಾನೊಬ್ಬನೇ. ನನ್ನ ಹೆಸರಿಗೂ ಒಂದು ಲೈಸೆನ್ಸ್ ಬಂತು. ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲ್ ಆದವನಿಗೆ ಹಾವಿನ ಲೈಸೆನ್ಸ್ ಮೊದಲ ಸಲಕ್ಕೇ ಸಿಕ್ಕಿದ್ದನ್ನು ವಾಟ್ಸ್ಯಾಪ್ ಸ್ಟೇಟಸ್‌ಗೆ ಹಾಕಿಕೊಂಡೆ.

ಇಷ್ಟು ಶೌರ್ಯ ಯಾಕೆ ಎಂದು ಕೇಳುತ್ತೀರಿ. ಹೇಳುತ್ತೇನೆ, ನಗಬೇಡಿ. ನಮ್ಮ ಹುಡುಗಿ ಒಳ್ಳೆಯ ಮಾರ್ಕ್ಸ್ ತೆಗೆದು, ಎಲ್ಲ ಬಿಟ್ಟು, ವೆಟ್ ನರ್ಸಿಂಗ್ ಓದುತ್ತೇನೆ ಎಂದಳು. ಅಂದರೆ ನಾಯಿ, ಬೆಕ್ಕು, ಮೊಲ, ಹಾವುಗಳ ಆಸ್ಪತ್ರೆಯಲ್ಲಿ ನರ್ಸು. ಅಂದು ಊಟದ ಮೇಜಿನಲ್ಲಿ ನಾನು, "ನಾಯಿ ಬಾಲ ಎತ್ತಿ ಜ್ವರ ನೋಡೋದಕ್ಕೆ ನಾವು ಇಷ್ಟು ದೂರ ವಿಮಾನ ಹತ್ತಿ ಬರಬೇಕಾಗಿತ್ತಾ" ಎಂದೆ. ಒಳ್ಳೆ ಜೋಕು ಅಂದುಕೊಂಡಿದ್ದೆ. ಯಾರೂ ನಗಲಿಲ್ಲ. ಆಮೇಲೆ ಅವಳು ನನ್ನ ಜೊತೆ ಜಗಳವಾಡಲಿಲ್ಲ, ಮಾತು ಬಿಡಲೂ ಇಲ್ಲ. ಮೆಲ್ಬರ್ನ್‌ಗೆ ಹೋಗಿ ತಾಯಿಗೆ ದಿನವೂ ಫೋನ್ ಮಾಡಿದಳು. ಪಕ್ಕದ ರೂಮಿನಲ್ಲಿ ಕೂತು ನಾನು ಕೇಳಿಸಿಕೊಳ್ಳುತ್ತಿದ್ದೆ. "ಅಪ್ಪಂಗೆ ಕೊಡ್ಲಾ?" ಎಂದು ಭಾಗೀರಥಿ ಕೇಳುವುದು, ಸ್ಪೀಕರಿನಿಂದ "ನೋ, ಇಟ್ಸ್ ಫೈನ್" ಎಂದು ಉತ್ತರ ಬರುವುದು. ಎಷ್ಟು ದಿನ ಫೈನ್ ಆಗಿಯೇ ಇರಲು ಸಾಧ್ಯ?

ಹಾವು ನನ್ನ ಪಾಲಿಗೆ ಬಂದ ಮೇಲೆ ನನ್ನ ಫೋನ್ ಮೊಳಗಲು ಶುರುವಾಯಿತು. ಸಂಜೆ ಸರಿಯಾಗಿ ಏಳು ಗಂಟೆಗೆ ವಿಡಿಯೋ ಕಾಲ್. "ಹಾಯ್ ಅಪ್ಪ, ಪೆಪ್ಪರ್‌ನ ತೋರಿಸಿ." ಒಟ್ಟು ನಾಲ್ಕು ನಿಮಿಷ. ಹಾವು ಹೊಟ್ಟೆ ಖಾಲಿ ಮಾಡಿತಾ, ಪೊರೆ ಬಿಡುವ ಲಕ್ಷಣ ಇದೆಯಾ, ನೀರು ಬದಲಿಸಿದಿರಾ, ಇಷ್ಟೇ ವಿಚಾರಣೆ. ಆದರೂ ಆರೂಮುಕ್ಕಾಲಿಗೇ ನಾನು ತಲೆ ಬಾಚಿಕೊಂಡು ಗಾಜಿನ ಪೆಟ್ಟಿಗೆಯ ಪಕ್ಕ ಕೂತಿರುತ್ತಿದ್ದೆ. ಮೂರನೆಯ ತಿಂಗಳಲ್ಲಿ ಒಂದು ದಿನ ಅವಳು, "ನಿಮ್ಮ ಬ್ಯಾಕ್ ಪೇನ್ ಹೇಗಿದೆ?" ಎಂದು ಕೇಳಿಬಿಟ್ಟಳು. ನಾನು ಅಡುಗೆಮನೆಗೆ ಓಡಿ ಸುದ್ದಿ ಮುಟ್ಟಿಸಿದೆ. "ಹಾವಿನ ದೆಸೆಯಿಂದ ನಿಮಗೂ ಬೆನ್ನಿದೆ ಅಂತ ಗೊತ್ತಾಯ್ತಲ್ಲ" ಎಂದಳು ಭಾಗೀರಥಿ, ಒಗ್ಗರಣೆಯಿಂದ ಕಣ್ಣು ತೆಗೆಯದೆ. ಹೌದು, ಆ ಹಾವು ಇಲ್ಲದಿದ್ದರೆ ನನಗೆ ಮಗಳೂ ಇಲ್ಲ ಎಂಬ ಸ್ಥಿತಿ ನನ್ನದು.

ಹೋಗುವ ಮುಂಚೆ ಅವಳು ನಿಯಮಗಳನ್ನೆಲ್ಲ ಬರೆದು ಪೆಟ್ಟಿಗೆಗೆ ಅಂಟಿಸಿದ್ದಳು. ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಬೇಕು. ಎತ್ತುವ ಮುಂಚೆ ಉದ್ದನೆಯ ಕೊಕ್ಕೆಯಿಂದ ಮೆಲ್ಲಗೆ ಮೈ ತಟ್ಟಬೇಕು, ಬಂದಿರುವುದು ಊಟವಲ್ಲ ಎಂದು ಆಗ ಅದಕ್ಕೆ ತಿಳಿಯುತ್ತದೆ. ಊಟ ತಪ್ಪಿಸಬಾರದು, ಮುಖದ ಹತ್ತಿರ ಕೈ ಒಯ್ಯಬಾರದು. ಅದರ ತುಟಿಯ ಮೇಲೆ ಸಣ್ಣ ಸಣ್ಣ ಗುಳಿಗಳಿವೆ, ಅವುಗಳಿಂದ ಅದು ಬಿಸಿಯನ್ನು ಗುರುತಿಸುತ್ತದೆ ಎಂದೆಲ್ಲ ವಿವರಿಸಿದ್ದಳು. ನಾನು ಪ್ರತಿ ಸಾಲಿಗೂ "ಗೊತ್ತು, ಗೊತ್ತು" ಎಂದು ತಲೆಯಾಡಿಸಿದ್ದೆ. ಮ್ಯಾನ್ಯುಯಲ್ ಓದದೆ ಇಪ್ಪತ್ತೈದು ವರ್ಷ ಸಾಫ್ಟ್‌ವೇರ್ ನಡೆಸಿದವನಿಗೆ ಒಂದು ಹಾವು ಯಾವ ಲೆಕ್ಕ?

ಊಟದ ವ್ಯವಸ್ಥೆ ಮಾತ್ರ ನಮ್ಮ ಕುಲಕ್ಕೆ ದೊಡ್ಡ ಪರೀಕ್ಷೆಯಾಯಿತು. ಹದಿನಾಲ್ಕು ದಿನಕ್ಕೊಮ್ಮೆ ಒಂದು ಇಲಿ. ಪೆಟ್ ಶಾಪಿನಲ್ಲಿ ಪ್ಯಾಕೆಟ್ ಮಾಡಿ, ಐಸಿನಂತೆ ಗಟ್ಟಿಯಾದದ್ದು ಸಿಗುತ್ತದೆ. ತೆಂಗಿನತುರಿ, ಹಿತಕಿದ ಅವರೆಬೇಳೆ ಇಡುವ ತನ್ನ ಫ್ರೀಜರಿನಲ್ಲಿ ಇಲಿ ಇಟ್ಟರೆ ತಾನು ಮೈಸೂರಿಗೆ ಹೊರಡುವುದಾಗಿ ಭಾಗೀರಥಿ ಸಾರಿದಳು. ಗರಾಜಿಗೆ ಪ್ರತ್ಯೇಕ ಫ್ರೀಜರ್ ಬಂತು. ಬಿಸಿನೀರಿನಲ್ಲಿ ಇಲಿಯನ್ನು ಕರಗಿಸಿ, ಬೆಚ್ಚಗೆ ಮಾಡಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು, ನಿಧಾನವಾಗಿ ಪೆಪ್ಪರಿನ ಮುಂದೆ ಒಯ್ಯುವುದು. ಅದು ಗಬಕ್ಕನೆ ಹಿಡಿಯುವುದು. ಮೊದಮೊದಲು ಕಣ್ಣು ಮುಚ್ಚಿ "ಶಿವ ಶಿವ" ಅನ್ನುತ್ತಿದ್ದೆ. ನಾಲ್ಕನೆಯ ತಿಂಗಳಿಗೆ ಕಣ್ಣು ಬಿಟ್ಟೇ ಅನ್ನುವಷ್ಟು ಮುಂದುವರಿದೆ.

ಇಲ್ಲಿ ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ಕನ್ನಡದವರ ಸಮಾರಂಭಗಳಲ್ಲಿ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಮಗಳು ಏನು ಓದುತ್ತಿದ್ದಾಳೆ? ಒಬ್ಬರ ಮಗ ಡೆಂಟಿಸ್ಟು, ಇನ್ನೊಬ್ಬರ ಮಗಳು ಲಾ. ನನ್ನ ಸರದಿ ಬಂದಾಗ ಬಿಸಿಬೇಳೆಬಾತ್ ಬಾಯಿಗಿಟ್ಟುಕೊಂಡು, "ಮೆಲ್ಬರ್ನ್‌ನಲ್ಲಿ, ಮೆಡಿಸಿನ್" ಎಂದಿದ್ದೆ. ಯಾರಿಗೆ ಮೆಡಿಸಿನ್ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡು ಸಮಾರಂಭ ಕಳೆಯುವಷ್ಟರಲ್ಲಿ ಪಶ್ಚಿಮ ಸಿಡ್ನಿಯಲ್ಲಿ ನಾನು ಡಾಕ್ಟರಮ್ಮನ ಅಪ್ಪನಾಗಿದ್ದೆ. ನನಗೆ ಅದು ಇಷ್ಟವೂ ಆಯಿತು. ನಾಚಿಕೆಯಾಗುತ್ತದೆ, ಆದರೆ ನಿಜ.

ಈಗ ಗುರುದತ್ತನ ಪ್ರವೇಶ. ಈತ ವಾರದ ದಿನಗಳಲ್ಲಿ ನೆಟ್‌ವರ್ಕ್ ಎಂಜಿನಿಯರ್, ವೀಕೆಂಡಿನಲ್ಲಿ ಪುರೋಹಿತ. ನಮ್ಮ ಬೀದಿಯಿಂದ ಎರಡನೇ ಬೀದಿ. ಜುಲೈನಲ್ಲಿ ಒಂದು ದಿನ ಸತ್ಯನಾರಾಯಣ ಪೂಜೆಯ ಪ್ರಸಾದ ಕೊಡಲು ಬಂದವನು ಪೆಪ್ಪರನ್ನು ಕಂಡು ಅಲ್ಲೇ ಕೈ ಮುಗಿದ. "ಸರ್, ಸಾಕ್ಷಾತ್ ನಾಗದೇವತೆನ ಮನೇಲಿ ಇಟ್ಕೊಂಡು ಸುಮ್ನೆ ಇದೀರಲ್ಲ. ಈ ಸಲ ನಾಗರಪಂಚಮಿ ನಿಮ್ಮನೇಲೇ." ಪಂಚಾಂಗದಲ್ಲಿ ಪಂಚಮಿ ಮಂಗಳವಾರ ಇತ್ತು. ಆದರೆ ಸಿಡ್ನಿಯಲ್ಲಿ ಎಲ್ಲ ತಿಥಿಗಳೂ ಶನಿವಾರಕ್ಕೇ ಬರುತ್ತವೆ, ಅದೂ ಮಕ್ಕಳ ಸ್ವಿಮ್ಮಿಂಗ್ ಕ್ಲಾಸ್ ಮುಗಿದ ಮೇಲೆ. ಸಂಜೆ ಐದೂವರೆಗೆ ಮುಹೂರ್ತ ನಿಶ್ಚಯವಾಯಿತು. ಮೂವತ್ತೆರಡು ಜನ ಬರುವುದಾಗಿ ವಾಟ್ಸ್ಯಾಪಿನಲ್ಲಿ ಹೆಬ್ಬೆರಳು ಎತ್ತಿದರು. ಮಗಳಿಗೆ ಹೇಳಲಿಲ್ಲ. ಬೇಡ ಅನ್ನುತ್ತಿದ್ದಳು, ಅದಕ್ಕೇ ಹೇಳಲಿಲ್ಲ.

ಅಷ್ಟರಲ್ಲಿ ಪೆಪ್ಪರಿನ ಊಟದ ದಿನ ಬಂತು. ಬಂದದ್ದು ಸರಿಯಾಗಿ ಭೀಮನ ಅಮಾವಾಸ್ಯೆಯಂದು! "ನಾನು ಒಳಗೆ ನಿಮ್ಮ ಆಯಸ್ಸಿಗೆ ಅಂತ ಪೂಜೆ ಮಾಡೋದು, ನೀವು ಗರಾಜಲ್ಲಿ ಇಲಿ ಕರಗಿಸೋದಾ?" ಎಂದಳು ಭಾಗೀರಥಿ. ಮಾತು ನ್ಯಾಯವಾಗಿತ್ತು. ಮರುದಿನ ಶ್ರಾವಣ ಶುರು. ಶ್ರಾವಣದಲ್ಲಿ ಈರುಳ್ಳಿಯೇ ಒಳಗೆ ಬರದ ಮನೆಯಲ್ಲಿ ಇಲಿಗೆ ಎಲ್ಲಿಯ ಪ್ರವೇಶ? ಪಂಚಮಿ ಮುಗಿಯಲಿ, ಆಮೇಲೆ ಹೇಗಾದರೂ ನೋಡೋಣ ಎಂದು ಇಬ್ಬರೂ ಸೇರಿ ಹಾವಿಗೆ ಉಪವಾಸ ವ್ರತ ಹಿಡಿಸಿದೆವು. ಅಂದು ಸಂಜೆ ಏಳಕ್ಕೆ ಮಗಳು, "ತಿಂದಳಾ?" ಎಂದು ಕೇಳಿದಳು. "ಹ್ಞೂಂ" ಎಂದೆ. ಒಂದೇ ಅಕ್ಷರದ ಸುಳ್ಳು, ಅಷ್ಟಕ್ಕೇನು ಅನ್ನಿಸಿತ್ತು.

ಶನಿವಾರ ಬಂತು. ಮೂಳೆ ಕೊರೆಯುವ ಚಳಿ. ಹಾಲ್‌ನಲ್ಲಿ ರಂಗೋಲಿ, ತಟ್ಟೆಗಳಲ್ಲಿ ತಂಬಿಟ್ಟು, ಚಿಗಳಿ, ಅರಳು. ಬೆಳ್ಳಿಯ ನಾಗಪ್ಪನಿಗೆ ಹಾಲಿನ ಅಭಿಷೇಕ, ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಪೆಪ್ಪರ್. ಅದರ ಮೇಲೆ ಹಾಲು ಹಾಕಬಾರದು, ಅರಿಶಿನ ಕುಂಕುಮ ಎರಚಬಾರದು, ಬರೀ ದರ್ಶನ ಎಂದು ನಾನೇ ಖಡಾಖಂಡಿತವಾಗಿ ಹೇಳಿದ್ದೆ. ನಾನು ಅಷ್ಟು ಜವಾಬ್ದಾರಿಯ ಮನುಷ್ಯ! ಪೆಟ್ಟಿಗೆ ಮುಚ್ಚಿದ್ದಿದ್ದರೆ ಪಂಚಮಿ ಸುಖವಾಗಿ ಮುಗಿಯುತ್ತಿತ್ತು. ಆದರೆ ರೇಷ್ಮೆ ಸೀರೆಯ ಒಬ್ಬ ಹೆಂಗಸು, "ಕಚ್ಚಲ್ವಾ ಸರ್? ನಿಮಗೆ ಭಯ ಆಗಲ್ವಾ?" ಎಂದು ಕೇಳಿದರು. ಜೀವಮಾನದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಸರ್ಪಗಳ ಮನಶ್ಶಾಸ್ತ್ರದ ಬಗ್ಗೆ ಕಾಲು ಗಂಟೆ ಉಪನ್ಯಾಸ ಕೊಟ್ಟೆ. ಅದು ನನ್ನನ್ನು ಗುರುತು ಹಿಡಿಯುತ್ತದೆ ಎಂದೆ. ನನ್ನ ಧ್ವನಿ ಕೇಳಿದರೆ ತಲೆಯೆತ್ತುತ್ತದೆ ಎಂದೆ. ಕೊನೆಗೆ ಪೆಟ್ಟಿಗೆಯ ಬಾಗಿಲನ್ನೂ ತೆರೆದೆ.

ಗುರುದತ್ತ ಐದು ಬತ್ತಿಯ ಮಂಗಳಾರತಿ ಎತ್ತಿದ. ನನ್ನ ಫೋನಿನಲ್ಲಿ ಭಾಗೀರಥಿ ವಿಡಿಯೋ ಹಿಡಿಯುತ್ತಿದ್ದಳು. ಎಲ್ಲರೂ ಆರತಿಯ ಮೇಲೆ ಅಂಗೈ ಹಿಡಿದು ಕಣ್ಣಿಗೊತ್ತಿಕೊಂಡರು. ಆಗ ನನಗೆ ಹೊಳೆಯಿತು: ಮನೆಯವರಿಗೆಲ್ಲ ಆರತಿ ಕೊಟ್ಟ ಮೇಲೆ ಪೆಪ್ಪರಿಗೂ ಕೊಡಬೇಡವೆ? ತುಪ್ಪದ ದೀಪದ ಮೇಲೆ ಎರಡೂ ಅಂಗೈಗಳನ್ನು ಚೆನ್ನಾಗಿ, ತುಸು ಹೆಚ್ಚಾಗಿಯೇ ಕಾಯಿಸಿಕೊಂಡೆ. ಭಕ್ತಿಯಿಂದ, ನಿಧಾನವಾಗಿ, ಅವನ್ನು ಪೆಪ್ಪರಿನ ಮುಖದ ಹತ್ತಿರ ಒಯ್ದೆ.

ಹಾವಿನ ಕಡೆಯಿಂದ ಯೋಚಿಸಿ. ಇಪ್ಪತ್ಮೂರು ದಿನದ ಹಸಿವು. ಸುತ್ತ ಚಳಿ. ಆ ಚಳಿಯೊಳಗಿಂದ ಬೆಚ್ಚಗಿನದೊಂದು ಮೆಲ್ಲಗೆ ಮುಖದ ಕಡೆ ಬರುತ್ತಿದೆ. ಬೆಚ್ಚಗೆ, ಮೆಲ್ಲಗೆ ಬರುವುದೆಲ್ಲ ಊಟ ಎಂದು ಇಷ್ಟು ತಿಂಗಳು ಇಕ್ಕಳ ಹಿಡಿದು ಪಾಠ ಹೇಳಿಕೊಟ್ಟವನು ನಾನೇ.

ನೋಡಲು ಏನೂ ಇರಲಿಲ್ಲ, ಅಷ್ಟು ಬೇಗ ಆಯಿತು. ಬಲಗೈ ಹೆಬ್ಬೆರಳಿನ ಬುಡ ಪೆಪ್ಪರಿನ ಬಾಯಲ್ಲಿತ್ತು. ಮುಂಗೈಗೆ ಅದರ ಮೈ ಒಂದು ಸುತ್ತು, ಎರಡು ಸುತ್ತು, ಮೂರು. ಮೂವತ್ತೆರಡು ಭಕ್ತರು ಚಪ್ಪಲಿ ಬಿಟ್ಟು ಬೀದಿಗೆ ಬಿದ್ದರು. ಗುರುದತ್ತ ಆರತಿ ತಟ್ಟೆ ಸಮೇತ ಸೋಫಾ ಮೇಲೆ ನಿಂತಿದ್ದ. ಮಂತ್ರ ನಿಲ್ಲಿಸಿರಲಿಲ್ಲ, ಅದಕ್ಕೆ ಮೆಚ್ಚಬೇಕು. "ಸರ್, ದೇವರಿಗೆ ಕೋಪ ಬಂದಿದೆ, ತಪ್ಪಾಯ್ತು ಅನ್ನಿ" ಎಂದ. ನಾನು ಹಾವಿಗೆ ಮೂರು ಸಲ ತಪ್ಪಾಯಿತು ಎಂದೆ. ಹಾವು ಇನ್ನಷ್ಟು ಬಿಗಿ ಮಾಡಿತು. ರಕ್ತ ಪಂಚೆಗೆ ತೊಟ್ಟಿಕ್ಕುವುದನ್ನು ಕಂಡು, ಎಡಗೈಯಿಂದ ಅದರ ತಲೆ ಹಿಡಿದು ಎಳೆಯಲು ಹೋದೆ.

ಗಂಟೆ ಏಳಾಗಿತ್ತು. ಭಾಗೀರಥಿಯ ಕೈಯಲ್ಲಿದ್ದ ನನ್ನ ಫೋನ್ ಹೊಡೆದುಕೊಂಡಿತು. ಗಾಬರಿಯಲ್ಲಿ ಅವಳ ಬೆರಳು ಹಸಿರು ಗುಂಡಿಯನ್ನೇ ಒತ್ತಿತು.

"ಅಪ್ಪಾ, ಎಳೀಬೇಡಿ. ಅವಳ ಹಲ್ಲು ಮುರಿಯುತ್ತೆ."

ಅವಳ ಹಲ್ಲು! ಆದರೆ ಆ ಧ್ವನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅದರಲ್ಲಿ ಗಾಬರಿ ಎನ್ನುವುದು ಒಂದು ಚೂರೂ ಇರಲಿಲ್ಲ. ಕೈಯನ್ನು ಅಲ್ಲಾಡಿಸದೆ ಲಾಂಡ್ರಿಗೆ, ಅಂದರೆ ಮನೆಯೊಳಗಿನ ಬಟ್ಟೆ ಒಗೆಯುವ ಕೋಣೆಗೆ, ಹೋಗಿ ತಣ್ಣೀರಿನ ನಲ್ಲಿಯ ಕೆಳಗೆ ಹಿಡಿಯಲು ಹೇಳಿದಳು. ಸುತ್ತನ್ನು ಬಾಲದ ಕಡೆಯಿಂದ ಬಿಡಿಸಬೇಕು, ತಲೆಯ ಕಡೆಯಿಂದಲ್ಲ, ಮತ್ತು ಅದನ್ನು ಅಮ್ಮನೇ ಮಾಡಬೇಕು ಎಂದಳು. ಆರು ತಿಂಗಳು ಬಾಗಿಲಲ್ಲೇ ಕೈ ಮುಗಿದ ಭಾಗೀರಥಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಫೋನನ್ನು ವಾಷಿಂಗ್ ಮೆಷಿನ್ ಮೇಲೆ ನಿಲ್ಲಿಸಿ, ಮಗಳು ಹೇಳಿದ ಹಾಗೆ ಒಂದೊಂದೇ ಸುತ್ತು ಬಿಚ್ಚಿದಳು. ತಣ್ಣೀರು ಹರಿದು ಹರಿದು ಹಾವು ತಾನಾಗಿಯೇ ಬಾಯಿ ಬಿಟ್ಟಿತು. ಅದನ್ನು ಪೆಟ್ಟಿಗೆಗೆ ಸೇರಿಸಿದವಳೂ ಭಾಗೀರಥಿಯೇ. ಲೈಸೆನ್ಸ್ ಮಾತ್ರ ನನ್ನ ಹೆಸರಿನಲ್ಲಿತ್ತು.

"ಕೊನೇ ಸಲ ಊಟ ಹಾಕಿದ್ದು ಯಾವಾಗ?" ಎಂದಳು ಪರದೆಯ ಮೇಲಿನ ಮಗಳು.

ನಾನು ಬಾಯಿ ತೆರೆಯುವ ಮೊದಲೇ ಅವಳ ತಾಯಿ, "ಅಮಾವಾಸ್ಯೆ ದಿನ ಹಾಕ್ಬೇಕಿತ್ತು ಕಣೆ, ಹಬ್ಬ ಮುಗೀಲಿ ಅಂತ ನಾನೇ ಬೇಡ ಅಂದೆ" ಎಂದಳು.

ಪ್ರಣತಿ ನನ್ನನ್ನು ನೋಡಿದಳು. ಅಲ್ಲಿಗೇ ಮುಗಿದಿದ್ದರೆ ಬದುಕಿಕೊಳ್ಳುತ್ತಿದ್ದೆನೋ ಏನೋ. ಆದರೆ ಸೋಫಾದಿಂದ ಇಳಿದ ಗುರುದತ್ತ ಲಾಂಡ್ರಿಯ ಬಾಗಿಲಿಗೆ ಬಂದಿದ್ದ. ಅವನ ಹಿಂದೆ, ಅಪಾಯ ಕಳೆಯಿತೆಂದು ವಾಪಸು ಬಂದ ಅರ್ಧ ಸ್ಕೋಫೀಲ್ಡ್ಸ್. ಅವನು ಫೋನಿಗೆ ಕೈ ಮುಗಿದು, "ಡಾಕ್ಟರ್ ಆಗೋರು ಅಂದ್ರೆ ಹೀಗಿರ್ಬೇಕಮ್ಮ. ಮೆಡಿಸಿನ್ ಈಗ ಎಷ್ಟನೇ ವರ್ಷ?" ಎಂದ.

"ಐ ಆಮ್ ಡೂಯಿಂಗ್ ವೆಟ್ ನರ್ಸಿಂಗ್, ಅಂಕಲ್" ಎಂದಳು. "ಅಪ್ಪ ಹೇಳಿಲ್ವಾ?"

ಜನ ನನ್ನ ಮುಖ ನೋಡಿದರು, ಆಮೇಲೆ ಸಭ್ಯತೆಯಿಂದ ನನ್ನ ಕೈ ನೋಡಿದರು. ಕೈಯ ನೋವು ಅಷ್ಟು ಹೊತ್ತಿಗೆ ಏನೇನೂ ಅನ್ನಿಸುತ್ತಿರಲಿಲ್ಲ. ಮಗಳು ಗಾಯಕ್ಕೆ ಏನು ಹಚ್ಚಬೇಕು, ಟಿಟನಸ್ ಇಂಜೆಕ್ಷನ್ ಯಾಕೆ ಬೇಕು ಎಂಬುದನ್ನು ತಾಯಿಗೆ ಹೇಳಿ ಫೋನಿಟ್ಟಳು. ನನಗೆ ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆಯೇ ವಿಮಾನ ಹತ್ತಿ ಬಂದಳು. ನನಗೋಸ್ಕರ ಬಂದಳು ಎಂದು ಹೂವಿನ ಹಾಗೆ ಅರಳಿ ಬಾಗಿಲು ತೆಗೆದೆ. ನೇರ ರೂಮಿಗೆ ಹೋಗಿ ಟಾರ್ಚ್ ಹಾಕಿ ಪೆಪ್ಪರಿನ ಬಾಯಿ ಪರೀಕ್ಷಿಸಿದಳು. ಎರಡು ಹಲ್ಲು ಹೋಗಿದ್ದವು. ಒಂದನ್ನು ಹಿಂದಿನ ದಿನ ಕ್ಲಿನಿಕ್ಕಿನ ಡಾಕ್ಟರು ನನ್ನ ಹೆಬ್ಬೆರಳಿಂದ ಚಿಮುಟದಲ್ಲಿ ತೆಗೆದಿದ್ದರು. ಅರ್ಧ ಗಂಟೆಯಾದ ಮೇಲೆ ಹೊರಗೆ ಬಂದು, "ಕೈ ಕೊಡಿ" ಎಂದಳು. ಹಳೆಯ ಬ್ಯಾಂಡೇಜ್ ಬಿಚ್ಚಿ, ತೊಳೆದು, ಹೊಸದು ಸುತ್ತಿದಳು. ಒಂದು ಸಲವೂ ನೋಯಿಸಲಿಲ್ಲ. ಇಷ್ಟು ಹಗುರವಾದ ಕೈಗಳನ್ನು ನಾನು ಊಟದ ಮೇಜಿನಲ್ಲಿ ನಾಯಿಯ ಬಾಲಕ್ಕೆ ಕಟ್ಟಿ ನಕ್ಕಿದ್ದೆ. ಹೇಳಬೇಕಾದ್ದು ಬೇರೆ ಇತ್ತು, ಬಾಯಿಗೆ ಬಂದದ್ದು ಮಾತ್ರ, "ಪೆಪ್ಪರಿಗೆ ನನ್ನ ಮೇಲೆ ಸಿಟ್ಟಾ?" ಎಂಬುದು.

"ಇಲ್ಲಪ್ಪ. ಅವಳಿಗೆ ನೀವು ಯಾರು ಅಂತಾನೇ ಗೊತ್ತಿಲ್ಲ. ಇಟ್ ವಾಸ್ ಜಸ್ಟ್ ಹೀಟ್."

ಮಧ್ಯಾಹ್ನ ಪ್ಯಾರಮಟ್ಟಾದಿಂದ ಅವಳ ಗೆಳೆಯ ಜೀವನ್ ಬಂದ. ಅವನ ಬಳಿಯೂ ಲೈಸೆನ್ಸ್ ಇದೆ, ಐದು ಹಾವುಗಳಿವೆ. ಮಗಳು ಪೆಪ್ಪರನ್ನು ಬಟ್ಟೆಯ ಚೀಲದಲ್ಲಿ ಹಾಕಿ ಅವನಿಗೆ ಒಪ್ಪಿಸಿದಳು. ಜೊತೆಗೆ ಒಂದು ಹಾಳೆ ಬರೆದುಕೊಟ್ಟಳು, ನಾನು ಹಿಂದಿನಿಂದ ಇಣುಕಿ ಓದಿದೆ. ಸ್ವಭಾವ: ಶಾಂತ. ಒಮ್ಮೆ ಕಚ್ಚಿದೆ, ತಪ್ಪು ಅವಳದಲ್ಲ. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಯಾರಾದರೂ ಬರೆದ ಅತ್ಯಂತ ನ್ಯಾಯವಾದ ವರದಿ ಅದು. ಅವಳು ಟ್ಯಾಕ್ಸಿ ಹತ್ತುವಾಗ ನಾನು, ಜನ ಕೇಳಿದರೆ ಇನ್ನು ಮೇಲೆ ಏನು ಹೇಳಲಿ ಎಂದು ಕೇಳಿದೆ. ಆಗಲೂ ನನಗೆ ಜನರದೇ ಚಿಂತೆ!

"ಮೆಲ್ಬರ್ನ್‌ನಲ್ಲಿದಾಳೆ ಅನ್ನಿ," ಎಂದಳು. "ಅಷ್ಟು ನಿಜ."

ಆ ಸಂಜೆ ಏಳಕ್ಕೆ ಫೋನ್ ಬರಲಿಲ್ಲ. ಮರುದಿನವೂ ಇಲ್ಲ. ಹಾವಿಲ್ಲದ ಅಪ್ಪನಿಗೆ ಯಾರು ಫೋನ್ ಮಾಡುತ್ತಾರೆ? ಮೂರನೆಯ ವಾರ ನಾನೇ ಮಾಡಿದೆ, ನಾಲ್ಕು ಸಲ. ಮೆಸೇಜ್ ಬಿಡಿ ಎಂದು ರೆಕಾರ್ಡಿಂಗಿನ ಒಬ್ಬ ಅಪರಿಚಿತ ಹೆಂಗಸು ಹೇಳಿದಳು. ಸಾರಿ ಎಂಬುದನ್ನು ಕನ್ನಡದಲ್ಲಿ ಹೇಗೆ ಶುರು ಮಾಡುವುದು ಎಂದು ಯೋಚಿಸುವಷ್ಟರಲ್ಲಿ ಬೀಪ್ ಬಂದು ಹೋಯಿತು. ಪಕ್ಕದ ರೂಮಿನಲ್ಲಿ ಭಾಗೀರಥಿಯ ಫೋನು ಮಾತ್ರ ಎಂದಿನಂತೆ ಮೊಳಗುತ್ತಿತ್ತು.

ಕಳೆದ ಭಾನುವಾರ ಗುರುದತ್ತ ಫೋನ್ ಮಾಡಿದ. ಅವರ ಮನೆಯ ಮೊಲ ಎರಡು ದಿನದಿಂದ ಏನೂ ತಿಂದಿಲ್ಲವಂತೆ, ಮಕ್ಕಳು ಅಳುತ್ತಿದ್ದಾರಂತೆ, ಮಗಳ ನಂಬರ್ ಬೇಕಂತೆ. ನಾನು ಮೊದಲ ಬಾರಿಗೆ, ತೊದಲದೆ, "ಅವಳು ಡಾಕ್ಟರಲ್ಲ ಗುರುದತ್ತ, ವೆಟ್ ನರ್ಸಿಂಗ್ ಓದುತ್ತಿದ್ದಾಳೆ" ಎಂದೆ. "ಗೊತ್ತು ಸರ್, ಅದಕ್ಕೇ ಕೇಳ್ತಿರೋದು" ಎಂದ. ನಂಬರ್ ಕೊಟ್ಟೆ. ಒಂದು ಗಂಟೆ ಬಿಟ್ಟು ಅವನೇ ಮತ್ತೆ ಮಾಡಿದ.

"ಎಂಥಾ ಹುಡುಗಿ ಸರ್! ಎರಡನೇ ರಿಂಗಿಗೇ ಎತ್ತಿದ್ರು. ನಲವತ್ತು ನಿಮಿಷ ಮಾತಾಡಿದ್ರು. ಇವತ್ತೇ ತೋರಿಸಿ ಅಂತ ಹತ್ತಿರದ ವೆಟ್‌ಗೂ ಅವರೇ ಬುಕ್ ಮಾಡಿಕೊಟ್ರು. ನಾಳೆ ಹೇಗಿದೆ ಅಂತ ವಿಚಾರಿಸೋಕೆ ತಾವೇ ಫೋನ್ ಮಾಡ್ತಾರಂತೆ."

"ಎಷ್ಟು ಗಂಟೆಗೆ?" ಎಂದು ಕೇಳಿದೆ. ಆ ಪ್ರಶ್ನೆ ಅವನಿಗೆ ವಿಚಿತ್ರ ಅನ್ನಿಸಿರಬೇಕು. ಅವನು ಉತ್ತರ ಹೇಳುವ ಮೊದಲೇ ಫೋನಿಟ್ಟುಬಿಟ್ಟೆ.

ನಿನ್ನೆ ಸಂಜೆ ಭಾಗೀರಥಿಗೆ, ಒಂದು ಮೊಲ ತರೋಣವೆ ಎಂದು ಕೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಿ, "ಹಾವಿನ ಗಾಯವೇ ಮಾಗಿಲ್ಲ, ಈಗ ಮೊಲ ಯಾಕ್ರೀ?" ಎಂದಳು.

"ಅದಕ್ಕೆ ಆಗಾಗ ಹುಷಾರು ತಪ್ಪುತ್ತಂತೆ" ಎಂದೆ.